ಅಡುಗೆಮನೆಯ ಅವಧಾನ

ಅಷ್ಟಾವಧಾನವನ್ನು ಕಂಡವರಿಗೆ ಅದರ ಸೊಗಸನ್ನು ವಿವರಿಸಬೇಕಾಗಿಲ್ಲ. ಕಾಣದವರಿಗಾಗಿ ಎರಡು ಮಾತು ಹೇಳುತ್ತೇನೆ. ಅವಧಾನಿಯ ಎದುರಿಗೆ ಎಂಟು ಮಂದಿ ಪೃಚ್ಛಕರು ಕುಳಿತಿರುತ್ತಾರೆ. ಒಬ್ಬರು ನಿಷೇಧಾಕ್ಷರಿಯವರು: ಅವಧಾನಿ ಪದ್ಯದ ಒಂದೊಂದು ಅಕ್ಷರವನ್ನು ನುಡಿದಂತೆಲ್ಲ, ಮುಂದೆ ಇಂಥ ಅಕ್ಷರ ಬರಕೂಡದೆಂದು ತಡೆಯೊಡ್ಡುತ್ತಾರೆ. ಇನ್ನೊಬ್ಬರು ಸಮಸ್ಯೆಯ ಒಂದು ಸಾಲನ್ನು ಕೊಟ್ಟು ಉಳಿದುದನ್ನು ಪೂರೈಸೆನ್ನುತ್ತಾರೆ. ಮತ್ತೊಬ್ಬರು ದತ್ತಪದಿಯವರು, ಮಗುದೊಬ್ಬರು ನಡುನಡುವೆ ಸಂಖ್ಯಾಬಂಧದ ಮನೆಗಳನ್ನು ತುಂಬಿಸುವವರು. ಇವೆಲ್ಲದರ ಮಧ್ಯೆ ಅಪ್ರಸ್ತುತ ಪ್ರಸಂಗದವರು ಸಂಬಂಧವೇ ಇಲ್ಲದ ಪ್ರಶ್ನೆಗಳನ್ನೆಸೆದು ಚಿತ್ತವನ್ನು ಕದಡಲು ನೋಡುತ್ತಾರೆ. ಸುತ್ತಿಗೊಂದು ಪಾದದಂತೆ ಪದ್ಯಗಳನ್ನು ಕಟ್ಟುತ್ತ ಹೋದ ಅವಧಾನಿ, ಕಡೆಯಲ್ಲಿ ಧಾರಣೆ ಮಾಡಿ ಎಲ್ಲವನ್ನೂ ಒಪ್ಪಿಸಿದಾಗ ಸಭೆ ಕರತಾಡನ ಮಾಡುತ್ತದೆ.

ಆದರೆ ವಾಚಕ ಮಹಾಶಯರೇ, ಕರತಾಡನವಿಲ್ಲದ ಒಂದು ಅವಧಾನ ನಮ್ಮ ನಿಮ್ಮ ಮನೆಗಳಲ್ಲಿ ಪ್ರತಿದಿನವೂ ಬೆಳಗ್ಗೆ ಎಂಟು ಗಂಟೆಗೆ ನಡೆಯುತ್ತದೆ. ಒಂದು ಒಲೆಯ ಮೇಲೆ ಹಾಲಿದೆ, ಇನ್ನೊಂದರ ಮೇಲೆ ಸಾರಿದೆ. ಮಗನಿಗೆ ಶಾಲೆಯ ಬುತ್ತಿ ಕಟ್ಟಬೇಕು. ನಲ್ಲಿಯ ನೀರು ನಿಲ್ಲುವುದರೊಳಗೆ ಹಂಡೆ ತುಂಬಬೇಕು. ಒಂಬತ್ತಕ್ಕೆ ಅತ್ತೆಯವರಿಗೆ ಔಷಧ ಕೊಡಬೇಕು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೂಗುತ್ತಾರೆ, ಅಪ್ರಸ್ತುತ ಪ್ರಸಂಗ! ಆ ಗೃಹಿಣಿ ಬಾಗಿಲಿಗೆ ಹೋಗಿ ಮಾತನಾಡಿ ಬಂದು, ಹಾಲು ಉಕ್ಕುವ ಮೊದಲೇ ಉರಿ ತಗ್ಗಿಸುತ್ತಾಳೆ. ಇದೊಂದು ವಿದ್ಯೆಯೆಂದು ನಮಗೆ ತೋರುವುದೇ ಇಲ್ಲ. ಈ ವಿದ್ಯೆ ಒಬ್ಬರಿಂದ ಕಳಚಿಹೋದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಆಗಲೂ ವಿದ್ಯೆ ಹೋಯಿತೆಂದು ಯಾರೂ ಅನ್ನುವುದಿಲ್ಲ, ಅಜಾಗರೂಕತೆ ಎನ್ನುತ್ತಾರೆ, ಸೋಮಾರಿತನ ಎನ್ನುತ್ತಾರೆ.

ಹಾಗೆ ಅನ್ನಿಸಿಕೊಂಡವರ ಸಾಲಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದವರು ಬಹುಮಂದಿ. ಅವರು ಈ ಮನೆವಾರ್ತೆಯ ಅವಧಾನವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದಾರೆಂದು ಅಳೆಯಲು ವೈದ್ಯಶಾಸ್ತ್ರಕ್ಕೆ ನೂರು ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು. ಆ ಅಳತೆಗೋಲಿನ ಚರಿತ್ರೆಯೇ ಈ ಲೇಖನದ ವಿಷಯ.

ಮೊದಲು ರೋಗದ ಪರಿಚಯವಾಗಲಿ. ನಮ್ಮ ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಇರುವ ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಅಂಶ ಹೆಚ್ಚಾಗಿರುವ ಹೊದಿಕೆಯುಂಟು. ವಿದ್ಯುತ್ತಂತಿಗೆ ಸುತ್ತಿದ ರಬ್ಬರಿನಂತೆ ಎಂದು ತಿಳಿಯಿರಿ. ಹೊದಿಕೆ ಸರಿಯಾಗಿದ್ದರೆ ಸಂದೇಶ ವೇಗವಾಗಿ ಹರಿಯುತ್ತದೆ. ಈ ರೋಗದಲ್ಲಿ, ಶರೀರವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಆ ಹೊದಿಕೆಯ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಹೊದಿಕೆ ಹರಿದ ಕಡೆ ಸಂದೇಶ ತಡವರಿಸುತ್ತದೆ, ಕೆಲವೆಡೆ ನಿಂತೇಹೋಗುತ್ತದೆ. ಗಾಯ ಮಾಯ್ದ ಜಾಗ ಗಡುಸಾಗುತ್ತದೆ. ಗ್ರೀಕ್ ಭಾಷೆಯಲ್ಲಿ ಗಡುಸಿಗೆ ಇರುವ ಮಾತಿನಿಂದಲೇ ‘ಸ್ಕ್ಲೆರೋಸಿಸ್’ ಎಂಬ ಹೆಸರು ಬಂದುದು. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನೊಳಗೆ, ಎಂದರೆ ಸಂಸಾರದ ನೊಗ ಹೆಗಲೇರುವ ಹೊತ್ತಿಗೇ, ಇದು ತಲೆದೋರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಾಲಿಗೂ ಹೆಚ್ಚು. ಪ್ರಪಂಚದಲ್ಲಿ ಸುಮಾರು ೨೮ ಲಕ್ಷ ಮಂದಿಗೆ ಈ ರೋಗವಿದೆಯೆಂದು ೨೦೨೦ರಲ್ಲಿ ಅಂದಾಜು ಮಾಡಲಾಯಿತು.

ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿದ್ದ ಜಾನ್ ಮಾರ್ಟಿನ್ ಷಾರ್ಕೋ ಎಂಬ ವೈದ್ಯನು ೧೮೬೮ರಲ್ಲಿ ಈ ರೋಗವನ್ನು ಬೇರೆಯ ರೋಗಗಳಿಂದ ವಿಂಗಡಿಸಿ, ಅದಕ್ಕೊಂದು ಸ್ಪಷ್ಟವಾದ ರೂಪವನ್ನೂ ಹೆಸರನ್ನೂ ಕೊಟ್ಟನು. ಅವನಿಗಿಂತ ಮೊದಲೇ, ೧೮೩೦ರ ದಶಕದಲ್ಲಿ, ಕಾರ್ಸ್‌ವೆಲ್ ಮತ್ತು ಕ್ರುವೆಯಿಯೇ ಎಂಬಿಬ್ಬರು ಸತ್ತವರ ಬೆನ್ನುಹುರಿಯಲ್ಲಿ ಈ ಕಲೆಗಳನ್ನು ಕಂಡು ಚಿತ್ರ ಬರೆಸಿದ್ದರು. ಆದರೆ ಬದುಕಿರುವ ರೋಗಿಯ ಲಕ್ಷಣವನ್ನೂ ಸತ್ತಮೇಲೆ ಕಂಡ ಕಲೆಯನ್ನೂ ಹೊಂದಿಸಿ ತೋರಿಸಿದ ಕೀರ್ತಿ ಷಾರ್ಕೋಗೆ ಸಲ್ಲಬೇಕು. ಅವನು ಕೈಕಾಲುಗಳ ನಡುಕವನ್ನೂ ಕಣ್ಣಿನ ಅದುರಾಟವನ್ನೂ ಮಾತಿನ ತೊಡಕನ್ನೂ ಕಂಡನು. ಅಷ್ಟೇ ಅಲ್ಲ, ನೆನಪು ಕುಂದುವುದನ್ನೂ ಆಲೋಚನೆಗಳು ನಿಧಾನವಾಗಿ ರೂಪುಗೊಳ್ಳುವುದನ್ನೂ ತನ್ನ ಉಪನ್ಯಾಸಗಳಲ್ಲಿ ಹೇಳಿದನು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ. ಏಕೆಂದರೆ ಅವನ ಹಿಂದೆ ಬಂದವರು ಅದನ್ನು ನೆನಪಿನಲ್ಲಿಡಲಿಲ್ಲ.

ಅವರು ಮರೆತುದಕ್ಕೆ ಕಾರಣವುಂಟು. ಕುಂಟುವ ಕಾಲು ಎಲ್ಲರಿಗೂ ಕಾಣುತ್ತದೆ. ಮನಸ್ಸಿನ ನಿಧಾನ ಹಾಗೆ ಕಾಣುವುದಿಲ್ಲ. ರೋಗಿಯು ವೈದ್ಯನೆದುರು ಕುಳಿತು ಕೇಳಿದ್ದಕ್ಕೆ ಅಚ್ಚುಕಟ್ಟಾಗಿ ಉತ್ತರ ಕೊಡುತ್ತಾನೆ; ತನ್ನ ಊರು, ಹೆಸರು, ವಾರ, ತಿಥಿ ಎಲ್ಲವನ್ನೂ ಹೇಳುತ್ತಾನೆ. ಇವನಿಗೆ ಬುದ್ಧಿಯ ಕೊರತೆ ಏನಿದೆ ಎನ್ನಿಸುವುದು ಸಹಜವೇ. ೧೯೨೬ರಲ್ಲಿ ಕಾಟ್ರೆಲ್ ಮತ್ತು ವಿಲ್ಸನ್ ಎಂಬ ವೈದ್ಯರು ಈ ರೋಗದ ನೂರು ಮಂದಿಯನ್ನು ಪರೀಕ್ಷಿಸಿ, ಭಾವನೆಗಳಲ್ಲಿ ವ್ಯತ್ಯಾಸ ಬಹಳವಾಗಿದೆ, ಬುದ್ಧಿಯ ಕುಂದು ಅಪರೂಪ ಎಂಬ ಅಭಿಪ್ರಾಯಕ್ಕೆ ಬಂದರು. ಅವರು ಮುಖ್ಯವಾಗಿ ನೆಚ್ಚಿದುದು ಸಂಭಾಷಣೆಯನ್ನು. ಆ ಅಭಿಪ್ರಾಯ ದಶಕಗಳ ಕಾಲ ಬೇರೂರಿತು. ೧೯೫೫ರಲ್ಲಿ ಅಮೆರಿಕದ ಜಾನ್ ಕರ್ಟ್ಸ್‌ಕೆ ಈ ರೋಗದ ತೀವ್ರತೆಯನ್ನು ಅಳೆಯಲು ಒಂದು ಮಾನವನ್ನು ರಚಿಸಿ, ೧೯೮೩ರಲ್ಲಿ ಅದನ್ನು ವಿಸ್ತರಿಸಿದನು. ಸೊನ್ನೆಯಿಂದ ಹತ್ತರವರೆಗಿನ ಈ ಮಾನ ಇಂದಿಗೂ ಬಳಕೆಯಲ್ಲಿದೆ. ನೂರು ಮೀಟರು ನಡೆಯಲು ಒಂದು ಊರುಗೋಲು ಬೇಕಾದರೆ ಆರು ಅಂಕ. ಅದರ ನಡುಭಾಗದಿಂದಾಚೆಗೆ ಎಲ್ಲವೂ ಬಹುಮಟ್ಟಿಗೆ ನಡಿಗೆಯ ಲೆಕ್ಕವೇ. ಮನಸ್ಸಿಗೂ ಅದರಲ್ಲಿ ಒಂದು ಮೂಲೆಯುಂಟು, ಆದರೆ ಅದಕ್ಕೆ ತೂಕ ಕಡಮೆ. ಚೆನ್ನಾಗಿ ನಡೆಯಬಲ್ಲವಳು ಸಂಸಾರವನ್ನು ನಡೆಸಲಾರದೆ ಹೋದರೆ ಆ ಮಾನ ಅವಳ ಕಷ್ಟವನ್ನು ಹೇಳಲಾರದು.

ಇಲ್ಲಿ ಕಥೆ ಸ್ವಲ್ಪ ಬೇರೆಯ ದಾರಿ ಹಿಡಿಯುತ್ತದೆ. ಸಂಸಾರ ನಡೆಸುವುದೆಂದರೇನು ಎಂಬ ಪ್ರಶ್ನೆಯನ್ನು ವೈದ್ಯಶಾಸ್ತ್ರದ ಮುಂದಿಟ್ಟುದು ಈ ರೋಗವಲ್ಲ, ಬೇರೊಂದು ರೋಗ. ಕೆನಡದ ಮಾಂಟ್ರಿಯಲ್ ನಗರದಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನಿದ್ದನು. ಅವನ ಸ್ವಂತ ಅಕ್ಕನಿಗೆ ಮಿದುಳಿನ ಮುಂಭಾಗದಲ್ಲಿ ಗಡ್ಡೆ ಬೆಳೆದಿತ್ತು. ೧೯೨೮ರಲ್ಲಿ ತಾನೇ ಶಸ್ತ್ರ ಹಿಡಿದು, ಬಲಗಡೆಯ ಮುಂಭಾಗದ ಬಹಳಷ್ಟನ್ನು ತೆಗೆದನು. ಆಕೆ ಚೇತರಿಸಿಕೊಂಡಳು. ಮಾತು, ನೆನಪು, ಸೌಜನ್ಯ ಎಲ್ಲವೂ ಉಳಿದುವು. ಒಂದೂಕಾಲು ವರ್ಷದ ಮೇಲೆ ತಮ್ಮನು ಅತಿಥಿಯಾಗಿ ಬರಲಿದ್ದ ಒಂದು ದಿನ, ಅವನಿಗೂ ಮನೆಯ ನಾಲ್ವರಿಗೂ ಸರಳವಾದ ರಾತ್ರಿಯೂಟವನ್ನು ಸಿದ್ಧಮಾಡುವೆನೆಂದು ಸಂತೋಷದಿಂದ ಹೊರಟಳು. ಇಡೀ ದಿನ ಕೈಯಲ್ಲಿತ್ತು. ಹೊತ್ತಾದಾಗ ನೋಡಿದರೆ, ಸಾಮಾನೆಲ್ಲ ಅಡುಗೆಮನೆಯಲ್ಲಿದೆ, ಒಂದೆರಡು ಪದಾರ್ಥ ಒಲೆಯ ಮೇಲಿದೆ, ಮುಖ್ಯವಾದ ಮಾಂಸದ ಅಡುಗೆಗೆ ಕೈಯೇ ಹಾಕಿಲ್ಲ; ಆಕೆ ದಿಕ್ಕುಗೆಟ್ಟು ನಿಂತಿದ್ದಾಳೆ. ಪಕ್ಕದಲ್ಲಿ ಒಬ್ಬರು ನಿಂತು ಕೈಗೂಡಿಸಿದ ಮೇಲೆ ಅಡುಗೆ ಬೇಗ ಮುಗಿಯಿತು. ಒಂದೊಂದು ಅಡುಗೆಯನ್ನೂ ಆಕೆ ಬಲ್ಲಳು; ಎಲ್ಲವನ್ನೂ ಹೆಣೆಯುವುದು ಅವಳಿಂದ ಹೋಗಿತ್ತು. ೧೯೩೫ರಲ್ಲಿ ಪೆನ್‌ಫೀಲ್ಡ್ ಮತ್ತು ಅವನ ಸಹೋದ್ಯೋಗಿ ಇವಾನ್ಸ್ ಇದನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಊಟದ ಸಿದ್ಧತೆ ವೈದ್ಯಶಾಸ್ತ್ರದ ದಾಖಲೆಯಾದುದು ಹೀಗೆ.

ಇನ್ನೊಂದು ಕಡೆ ಮನಶ್ಶಾಸ್ತ್ರಜ್ಞರು ತಮ್ಮ ಕೊಠಡಿಗಳಲ್ಲಿ ಬೇರೊಂದು ಪ್ರಶ್ನೆಯನ್ನು ಹಿಡಿದಿದ್ದರು: ಮನಸ್ಸು ಏಕಕಾಲದಲ್ಲಿ ಎರಡು ಕೆಲಸ ಮಾಡಬಲ್ಲುದೆ? ೧೮೮೭ರಲ್ಲಿ ಫ್ರಾನ್ಸಿನ ಪೋಲಾನ್ ಎಂಬವನು ಒಂದು ಪದ್ಯವನ್ನು ಬಾಯಲ್ಲಿ ಹೇಳುತ್ತ ಇನ್ನೊಂದನ್ನು ಕೈಯಲ್ಲಿ ಬರೆದು ನೋಡಿದನು. ರೂಢಿಯ, ಸುಲಭದ ಕೆಲಸಗಳಾದರೆ ಜೊತೆಗೂಡುತ್ತವೆ; ಕಷ್ಟದವಾದರೆ ಒಂದು ಇನ್ನೊಂದನ್ನು ಹಿಂದಕ್ಕೆಳೆಯುತ್ತದೆ. ೧೯೨೭ರಲ್ಲಿ ಅಮೆರಿಕದ ಜೆರ್ಸಿಲ್ಡ್ ಎಂಬವನು, ಒಂದು ಬಗೆಯ ಲೆಕ್ಕದಿಂದ ಇನ್ನೊಂದು ಬಗೆಗೆ ಮನಸ್ಸನ್ನು ತಿರುಗಿಸುವುದಕ್ಕೇ ಒಂದಿಷ್ಟು ಕಾಲ ವ್ಯಯವಾಗುತ್ತದೆಂದು ಅಳೆದು ತೋರಿಸಿದನು. ೧೯೫೨ರಲ್ಲಿ ಇಂಗ್ಲೆಂಡಿನ ವೆಲ್‌ಫರ್ಡ್, ನಿರ್ಧಾರ ಮಾಡುವ ದಾರಿ ಮನಸ್ಸಿನಲ್ಲಿ ಒಂದೇ, ಮೊದಲನೆಯ ನಿರ್ಧಾರ ದಾಟುವವರೆಗೆ ಎರಡನೆಯದು ಕಾದು ನಿಲ್ಲಬೇಕು ಎಂದು ವಾದಿಸಿದನು.

ರೇಡಿಯೋ ಇಟ್ಟುಕೊಂಡಿರುವ ತಮಗೆ ಇದು ಸುಲಭವಾಗಿ ಅರಿವಾಗುತ್ತದೆ. ಮೈಸೂರನ್ನೂ ಧಾರವಾಡವನ್ನೂ ಒಂದೇ ಪೆಟ್ಟಿಗೆಯಲ್ಲಿ ಒಂದೇ ಕ್ಷಣದಲ್ಲಿ ಕೇಳಲಾಗುವುದಿಲ್ಲ. ಗುಂಡಿಯನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ತಿರುಗಿಸುತ್ತಿರಬೇಕು. ತಿರುಗಿಸುವ ನಡುವೆ ಕೊಂಚ ಗರಗರ. ಮೈಲಿನ್ ಹೊದಿಕೆ ಹರಿದವರಲ್ಲಿ ಈ ತಿರುಗಿಸುವ ಕೆಲಸ ಇನ್ನೂ ನಿಧಾನವಾಗುತ್ತದೆ, ಗರಗರವೂ ಹೆಚ್ಚುತ್ತದೆ. ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವುದಕ್ಕೆ ಇಂದು ಎಲ್ಲರ ಬಾಯಲ್ಲೂ ಇರುವ ‘ಮಲ್ಟಿಟಾಸ್ಕಿಂಗ್’ ಎಂಬ ಮಾತು ಮನುಷ್ಯರಿಗಾಗಿ ಹುಟ್ಟಿದ್ದಲ್ಲ, ೧೯೬೦ರ ದಶಕದಲ್ಲಿ ಗಣಕಯಂತ್ರಗಳಿಗಾಗಿ ಹುಟ್ಟಿದ್ದು ಎಂಬುದೂ ಇಲ್ಲಿ ನೆನೆಯತಕ್ಕ ಸಂಗತಿ.

ಇನ್ನು ಪರೀಕ್ಷೆಗಳ ಮಾತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಡೊರೊತಿ ಗ್ರಾನ್‌ವಾಲ್ ಎಂಬ ಮಹಿಳೆ ೧೯೭೦ರ ದಶಕದಲ್ಲಿ ತಲೆಗೆ ಪೆಟ್ಟು ಬಿದ್ದವರಿಗಾಗಿ ಒಂದು ಪರೀಕ್ಷೆಯನ್ನು ಬಳಕೆಗೆ ತಂದಳು. ಕಿವಿಯಿಂದ ಕೇಳುವ ಪರೀಕ್ಷೆ. ಮೂರು ಸೆಕೆಂಡಿಗೊಂದರಂತೆ ಅಂಕಿಗಳು ಕೇಳಿಬರುತ್ತವೆ. ಪ್ರತಿಯೊಂದು ಅಂಕಿಯನ್ನೂ ಅದರ ಹಿಂದಿನ ಅಂಕಿಗೆ ಕೂಡಿಸಿ ಹೇಳಬೇಕು. ಮೂರು, ಐದು ಎಂದು ಕೇಳಿದರೆ ಎಂಟು ಎನ್ನಬೇಕು. ಮುಂದೆ ಎರಡು ಬಂದರೆ, ಐದಕ್ಕೆ ಎರಡು ಸೇರಿಸಿ ಏಳು ಎನ್ನಬೇಕು. ತಾವೇ ಹೇಳಿದ ಎಂಟಕ್ಕೆ ಸೇರಿಸಿ ಹತ್ತು ಎನ್ನಬಾರದು. ಮುಂದೆ ಒಂಬತ್ತು ಬಂದರೆ ಹನ್ನೊಂದು. ಮನೆಯಲ್ಲಿ ಒಬ್ಬರು ಅಂಕಿಗಳನ್ನು ಓದುತ್ತಿರಲಿ, ತಾವು ಹೇಳಿ ನೋಡಿ. ಎರಡನೆಯ ತರಗತಿಯ ಲೆಕ್ಕ ಇಷ್ಟೊಂದು ಬೆವರಿಳಿಸುತ್ತದೆಯೇ ಎಂದು ಆಶ್ಚರ್ಯಪಡುವಿರಿ. ಕೇಳುವುದು, ಕೂಡುವುದು, ಹೇಳುವುದು, ತನ್ನ ಮಾತನ್ನೇ ಮರೆತು ಹಿಂದಿನ ಅಂಕಿಯನ್ನು ಹಿಡಿದಿಡುವುದು, ಈ ನಾಲ್ಕೂ ಇಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅದೇ ದಶಕದಲ್ಲಿ ಆರನ್ ಸ್ಮಿತ್ ಎಂಬವನು ಇನ್ನೊಂದನ್ನು ಪ್ರಕಟಿಸಿದನು: ಒಂಬತ್ತು ಚಿಹ್ನೆಗಳಿಗೆ ಒಂಬತ್ತು ಅಂಕಿಗಳು, ತೊಂಬತ್ತು ಸೆಕೆಂಡಿನಲ್ಲಿ ಎಷ್ಟು ಚಿಹ್ನೆಗಳಿಗೆ ಸರಿಯಾದ ಅಂಕಿಯನ್ನು ಹೊಂದಿಸುವಿರೋ ಅಷ್ಟು ಅಂಕ. ಮನಸ್ಸಿನ ವೇಗವನ್ನು ಅಳೆಯಲು ಇದು ಈ ರೋಗದಲ್ಲಿ ಬಹಳ ಉಪಯುಕ್ತವೆಂದು ಕಂಡುಬಂದಿತು. ೨೦೧೨ರಲ್ಲಿ ಹಲವು ದೇಶಗಳ ತಜ್ಞರು ಕೂಡಿ, ಎಲ್ಲ ಆಸ್ಪತ್ರೆಗಳಲ್ಲೂ ಕಾಲು ಗಂಟೆಯಲ್ಲಿ ಮಾಡಬಹುದಾದ ಒಂದು ಸಣ್ಣ ಪರೀಕ್ಷಾಗುಚ್ಛವನ್ನು ಸೂಚಿಸಿದಾಗ, ಹೊತ್ತೇ ಇಲ್ಲದಿದ್ದರೆ ಇದೊಂದನ್ನಾದರೂ ಮಾಡಿರಿ ಎಂದರು.

ಇಂಥ ಪರೀಕ್ಷೆಗಳ ಬಲದಿಂದಲೇ ಹಳೆಯ ಅಭಿಪ್ರಾಯ ಬಿದ್ದುಹೋಯಿತು. ಅಮೆರಿಕದ ಸ್ಟೀಫನ್ ರಾವ್ ಮತ್ತು ಸಂಗಡಿಗರು ೧೯೯೧ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರಿತ್ರೆಯ ಒಂದು ಮೈಲಿಗಲ್ಲು. ಆಸ್ಪತ್ರೆಯಲ್ಲಿ ಮಲಗಿದವರನ್ನಲ್ಲ, ಊರಲ್ಲಿ ಮನೆಗಳಲ್ಲಿ ಬಾಳುತ್ತಿದ್ದ ೧೦೦ ರೋಗಿಗಳನ್ನು ಆರಿಸಿಕೊಂಡು, ಅವರಿಗೆ ಹೊಂದುವ ೧೦೦ ಆರೋಗ್ಯವಂತರೊಡನೆ ಹೋಲಿಸಿದರು. ನಾಲ್ಕಕ್ಕೆ ಕಡಮೆಯಿಲ್ಲದಷ್ಟು ಪರೀಕ್ಷೆಗಳಲ್ಲಿ ಹಿಂದೆ ಬಿದ್ದವರು ರೋಗಿಗಳಲ್ಲಿ ೪೮, ಆರೋಗ್ಯವಂತರಲ್ಲಿ ೫. ಈ ವ್ಯತ್ಯಾಸವನ್ನು ಹಿಡಿದು ನೂರಕ್ಕೆ ೪೩ ಮಂದಿಗೆ ಮನಸ್ಸಿನ ಶಕ್ತಿಗಳಲ್ಲಿ ಕುಂದಿದೆಯೆಂದು ಲೆಕ್ಕಹಾಕಿದರು. ಅದರ ಜೊತೆಯ ಇನ್ನೊಂದು ಲೇಖನ ಇನ್ನೂ ಮುಖ್ಯವಾದುದು. ಶರೀರದ ಕಷ್ಟ ಒಂದೇ ಮಟ್ಟದ್ದಾಗಿದ್ದರೂ, ಮನಸ್ಸಿನ ಕುಂದುಳ್ಳವರು ಉದ್ಯೋಗದಲ್ಲಿ ಉಳಿದುದು ಕಡಮೆ, ಜನರೊಡನೆ ಬೆರೆಯುವುದು ಕಡಮೆ, ಮನೆಗೆಲಸದಲ್ಲಿ ತೊಡಕು ಹೆಚ್ಚು ಎಂದು ಅದು ತೋರಿಸಿತು. ಷಾರ್ಕೋ ಆಡಿದ ಮಾತು ೧೨೩ ವರ್ಷಗಳ ಮೇಲೆ ಲೆಕ್ಕದ ಆಧಾರವನ್ನು ಪಡೆಯಿತು.

ಇಷ್ಟಾದರೂ ಪ್ರಶ್ನೆ ಮುಗಿಯಲಿಲ್ಲ. ಬಹುಕಾಲ ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದ ನನ್ನಂಥ ಉಪಾಧ್ಯಾಯನಿಗೆ ಈ ಪ್ರಶ್ನೆ ಹೊಸದಲ್ಲ. ಪರೀಕ್ಷೆಯ ಕೊಠಡಿಯೆಂದರೆ ಎಂಥ ಸ್ಥಳ? ನಿಶ್ಶಬ್ದವಾದ ಸ್ಥಳ. ಒಂದು ಸಲಕ್ಕೆ ಒಂದು ಪ್ರಶ್ನೆ. ಯಾವಾಗ ಆರಂಭಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಗಂಟೆ ಹೊಡೆದು ತಿಳಿಸುತ್ತಾರೆ. ಮಾಡಬೇಕಾದುದೇನೆಂದು ಪ್ರಶ್ನೆಪತ್ರಿಕೆಯೇ ಹೇಳುತ್ತದೆ. ಸಂತೆಯಲ್ಲಿ, ಕಚೇರಿಯಲ್ಲಿ, ಅಡುಗೆಮನೆಯಲ್ಲಿ ಹೀಗೆ ಯಾರು ಹೇಳುತ್ತಾರೆ? ಕೊಠಡಿಯಲ್ಲಿ ಗೆದ್ದವನು ಬೀದಿಯಲ್ಲಿ ಸೋಲಬಹುದು. ಹಾಗೆ ಸೋತವರಿಗೆ, ‘ಪರೀಕ್ಷೆಯಲ್ಲಿ ನೀನು ಸರಿಯಾಗಿದ್ದೀಯೆ’ ಎಂಬ ತೀರ್ಪು ಸಮಾಧಾನವಲ್ಲ, ಇನ್ನೊಂದು ಪೆಟ್ಟು. ಏಕೆಂದರೆ ಆಮೇಲೆ ಉಳಿಯುವ ಅರ್ಥ ಒಂದೇ: ದೋಷ ರೋಗದ್ದಲ್ಲ, ನಿನ್ನದು.

ಅದೇ ೧೯೯೧ರಲ್ಲಿ ಇಂಗ್ಲೆಂಡಿನ ಟಿಮ್ ಷಾಲಿಸ್ ಮತ್ತು ಪಾಲ್ ಬರ್ಜೆಸ್ ಎಂಬಿಬ್ಬರು ಪರೀಕ್ಷೆಯನ್ನೇ ಬೀದಿಗೆ ಕೊಂಡೊಯ್ದರು. ಅವರ ಮುಂದಿದ್ದವರು ತಲೆಗೆ ಪೆಟ್ಟು ಬಿದ್ದು ಮಿದುಳಿನ ಮುಂಭಾಗಕ್ಕೆ ಹಾನಿಯಾಗಿದ್ದ ಮೂವರು. ಬುದ್ಧಿಶಕ್ತಿಯ ರೂಢಿಯ ಪರೀಕ್ಷೆಗಳಲ್ಲಿ ಅವರಿಗೆ ಒಳ್ಳೆಯ ಅಂಕಗಳು. ಬದುಕು ಮಾತ್ರ ಅಸ್ತವ್ಯಸ್ತ. ಪರಿಚಯವಿಲ್ಲದ ಒಂದು ಅಂಗಡಿಬೀದಿಗೆ ಅವರನ್ನು ಕರೆದೊಯ್ದು, ಕೈಗೊಂದು ಚೀಟಿ ಕೊಟ್ಟರು. ಒಂದು ರೊಟ್ಟಿ, ಗಂಟಲಿಗೆ ಚಪ್ಪರಿಸುವ ಗುಳಿಗೆ ಮುಂತಾದ ಸಣ್ಣಪುಟ್ಟ ಕೆಲಸಗಳು ಆರು. ಹೊರಟ ಹದಿನೈದು ನಿಮಿಷಕ್ಕೆ ಸರಿಯಾಗಿ ಇಂಥ ಸ್ಥಳದಲ್ಲಿರಬೇಕು ಎಂಬುದು ಏಳನೆಯದು. ನಾಲ್ಕು ವಿಷಯಗಳನ್ನು ವಿಚಾರಿಸಿ ಒಂದು ಕಾರ್ಡಿನಲ್ಲಿ ಬರೆಯಬೇಕು ಎಂಬುದು ಎಂಟನೆಯದು: ಟೊಮೇಟೊ ಹಣ್ಣಿನ ಬೆಲೆಯೇನು, ನಿನ್ನೆ ದೇಶದಲ್ಲಿ ಎಲ್ಲಕ್ಕಿಂತ ಚಳಿಯಿದ್ದ ಊರು ಯಾವುದು, ಈ ಬಗೆಯವು. ಜೊತೆಗೆ ಕಟ್ಟಳೆಗಳು: ಆದಷ್ಟು ಕಡಮೆ ಖರ್ಚು ಮಾಡಬೇಕು, ಕೊಳ್ಳುವುದಿಲ್ಲದೆ ಅಂಗಡಿಯೊಳಗೆ ಕಾಲಿಡಬಾರದು, ಬೀದಿಯ ಎಲ್ಲೆಯನ್ನು ದಾಟಬಾರದು. ಇಷ್ಟೇ. ಇದರಲ್ಲಿ ಕಠಿನವಾದುದು ಒಂದೂ ಇಲ್ಲ. ಆದರೆ ಆ ಮೂವರೂ ಆರೋಗ್ಯವಂತರಿಗಿಂತ ಬಹಳ ಹಿಂದೆ ಬಿದ್ದರು. ಅವರ ತಪ್ಪುಗಳನ್ನು ಪರೀಕ್ಷಕರು ನಾಲ್ಕು ಬಗೆಯಾಗಿ ವಿಂಗಡಿಸಿದರು: ಕಟ್ಟಳೆ ಮುರಿದುದು, ದಾರಿಯನ್ನು ವ್ಯರ್ಥವಾಗಿ ಸುತ್ತಿದುದು, ಕೆಲಸದ ಅರ್ಥವನ್ನು ತಪ್ಪಾಗಿ ತಿಳಿದುದು, ಕೆಲಸವನ್ನೇ ಬಿಟ್ಟುದು. ಬೀದಿ ಬೀದಿ ಸುತ್ತುವ ಈ ಪರೀಕ್ಷೆ ಮುಂದೆ ಆಸ್ಪತ್ರೆಯ ಆವರಣಗಳಿಗೂ ದೊಡ್ಡ ಮಳಿಗೆಗಳಿಗೂ ಹೊಂದಿಸಿಕೊಂಡು ಹಲವು ರೂಪಗಳನ್ನು ತಾಳಿತು.

ಬರ್ಜೆಸ್ ಆಮೇಲೆ ಈ ಸಾಮರ್ಥ್ಯದ ಲಕ್ಷಣಗಳನ್ನು ಎಣಿಸಿ ಹೇಳಿದನು. ಕೆಲಸಗಳು ಹಲವು, ಬೇರೆ ಬೇರೆ ಜಾತಿಯವು. ಒಂದು ಸಲಕ್ಕೆ ಒಂದನ್ನೇ ಮಾಡಲು ಸಾಧ್ಯ. ಆದುದರಿಂದ ಒಂದರ ನಡುವೆ ಇನ್ನೊಂದನ್ನು ಹೆಣೆಯಬೇಕು. ನಡುವೆ ಅಡಚಣೆಗಳು ಬರುತ್ತವೆ. ಬಿಟ್ಟ ಕೆಲಸಕ್ಕೆ ಮರಳುವ ಹೊತ್ತಾಯಿತೆಂದು ಯಾರೂ ಸೂಚಿಸುವುದಿಲ್ಲ. ತನಗೆ ತಾನೇ ನೆನಪಾಗಬೇಕು. ಎಷ್ಟು ಮಾಡಿದರೆ ಸಾಕೆಂಬುದನ್ನೂ ತಾನೇ ಗೊತ್ತುಮಾಡಿಕೊಳ್ಳಬೇಕು. ತಪ್ಪಾದರೆ ಒಡನೆ ಗೊತ್ತಾಗುವುದಿಲ್ಲ.

ಇದನ್ನು ಓದಿದಾಗ ನಮ್ಮ ಅವಧಾನಕಲೆಯ ಲಕ್ಷಣವನ್ನೇ ಬೇರೆಯವರ ಬಾಯಲ್ಲಿ ಕೇಳಿದಂತಾಗುತ್ತದೆ. ಅವಧಾನಿಯೂ ಎಂಟನ್ನು ಒಂದೇ ಕ್ಷಣದಲ್ಲಿ ಮಾಡುವುದಿಲ್ಲ. ಒಂದನ್ನು ಹಿಡಿಯುತ್ತಾನೆ, ಇರುವಲ್ಲಿಗೆ ಗುರುತಿಟ್ಟು ಬಿಡುತ್ತಾನೆ, ಇನ್ನೊಂದಕ್ಕೆ ಹೋಗುತ್ತಾನೆ, ಮರಳಿ ಬಂದಾಗ ಗುರುತಿನಿಂದಲೇ ಮುಂದುವರಿಯುತ್ತಾನೆ. ‘ಅವಧಾನ’ ಎಂಬ ಮಾತಿಗೆ ಮನಸ್ಸನ್ನು ಒಂದೆಡೆ ಇರಿಸುವುದು ಎಂದೇ ಅರ್ಥ. ಹಲವು ಕಡೆ ಚೆಲ್ಲುವುದು ಎಂದಲ್ಲ. ಒಂದು ವ್ಯತ್ಯಾಸ ಮಾತ್ರ ಉಂಟು. ಸಭೆಯಲ್ಲಿ ಪೃಚ್ಛಕನೇ ಸರದಿ ಬಂದಾಗ ಕೇಳುತ್ತಾನೆ. ಒಲೆಯ ಮೇಲಿನ ಹಾಲು ಕೇಳುವುದಿಲ್ಲ. ಈ ಒಂದು ವಿಷಯದಲ್ಲಿ ಗೃಹಿಣಿಯ ಅವಧಾನವೇ ಕಠಿನವೆಂದರೆ ಅವಧಾನಿಗಳು ಮುನಿಯಲಾರರು.

೨೦೦೨ರಲ್ಲಿ ಕೇಂಬ್ರಿಜ್ಜಿನ ಟಾಮ್ ಮ್ಯಾನ್ಲಿ ಮತ್ತು ಸಂಗಡಿಗರು ಮಾಡಿದ ಪರೀಕ್ಷೆ ಈ ಮಾತಿಗೆ ಒಳ್ಳೆಯ ದೃಷ್ಟಾಂತ. ಪರೀಕ್ಷೆಗೆ ಬಂದವರು ಒಂದು ಹೋಟೆಲಿನ ಕೆಲಸಕ್ಕೆ ಸೇರಿದಂತೆ ಭಾವಿಸಬೇಕು. ಬಿಲ್ಲುಗಳನ್ನು ಸಿದ್ಧಪಡಿಸುವುದು, ನಾಣ್ಯಗಳನ್ನು ವಿಂಗಡಿಸುವುದು, ಟೆಲಿಫೋನ್ ಸಂಖ್ಯೆಗಳನ್ನು ಹುಡುಕುವುದು, ಹೆಸರುಚೀಟಿಗಳನ್ನು ಅಕಾರಾದಿಯಾಗಿ ಜೋಡಿಸುವುದು, ಕರಪತ್ರದ ಅಚ್ಚಿನ ತಪ್ಪುಗಳನ್ನು ತಿದ್ದುವುದು. ಹದಿನೈದು ನಿಮಿಷ. ಯಾವುದನ್ನೂ ಮುಗಿಸಲಾಗದು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಬೇಕು. ಮಿದುಳಿಗೆ ಪೆಟ್ಟು ಬಿದ್ದವರು ಒಂದೇ ಕೆಲಸದಲ್ಲಿ ಮುಳುಗಿ ಉಳಿದುದನ್ನು ಮರೆಯುತ್ತಿದ್ದರು. ಆದರೆ ಆಗೊಮ್ಮೆ ಈಗೊಮ್ಮೆ ಒಂದು ಸದ್ದು ಮಾಡಿ, ‘ಸದ್ದು ಕೇಳಿದಾಗ ನೀವು ಮಾಡಬೇಕಾದುದೇನೆಂದು ಒಮ್ಮೆ ಯೋಚಿಸಿ’ ಎಂದು ಮೊದಲೇ ಹೇಳಿಟ್ಟಾಗ, ಅದೇ ಜನ ಹೆಚ್ಚುಕಡಮೆ ಆರೋಗ್ಯವಂತರ ಸಮಕ್ಕೆ ಬಂದರು. ಸದ್ದು ಏನನ್ನೂ ಹೇಳಿಕೊಡಲಿಲ್ಲ. ನೆನಪಿಸಿತು, ಅಷ್ಟೆ. ಕೆಲವು ಅವಧಾನಗಳಲ್ಲಿ ಅವಧಾನಿಯನ್ನು ಪರೀಕ್ಷಿಸಲು ಗಂಟೆ ಬಾರಿಸಿ ಎಣಿಸುವಂತೆ ಮಾಡುವುದುಂಟು. ಇಲ್ಲಿ ಅದೇ ಗಂಟೆ ಊರುಗೋಲಾಯಿತು.

ಈ ಮಾರ್ಗ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಕಡೆಗೂ ತಿರುಗಿತು. ಅಮೆರಿಕದ ಯಾಯೆಲ್ ಗೋವರೋವರ್ ಮತ್ತು ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳನ್ನು ಗಣಕಯಂತ್ರದ ಮುಂದೆ ಕೂರಿಸಿ, ಅಂತರ್ಜಾಲದ ಮೂಲಕ ವಿಮಾನದ ಟಿಕೆಟ್ ಕೊಳ್ಳುವ ನಿಜವಾದ ಕೆಲಸವನ್ನೇ ಒಪ್ಪಿಸಿದರು. ದಿನ, ಹೊತ್ತು, ಬೆಲೆ, ಕಟ್ಟಳೆ ಎಲ್ಲವನ್ನೂ ಮನಸ್ಸಿನಲ್ಲಿಟ್ಟು ಪುಟದಿಂದ ಪುಟಕ್ಕೆ ಸಾಗಬೇಕು. ಆರೋಗ್ಯವಂತರಿಗಿಂತ ಅವರಿಗೆ ತೊಡಕು ಹೆಚ್ಚಾಯಿತು. ಬೇರೆಯವರ ಸೂಚನೆ ಹೆಚ್ಚು ಬೇಕಾಯಿತು. ನಡೆಯುತ್ತ ಮಾತನಾಡುವುದೂ ಪರೀಕ್ಷೆಯಾಯಿತು. ೧೯೯೭ರಲ್ಲಿ ಸ್ವೀಡನ್ನಿನ ವೃದ್ಧರಲ್ಲಿ, ಮಾತು ಬಂದೊಡನೆ ನಡಿಗೆಯನ್ನು ನಿಲ್ಲಿಸಿಬಿಡುವವರು ಮುಂದೆ ಬೀಳುವ ಸಂಭವ ಹೆಚ್ಚೆಂದು ಕಂಡುಬಂದಿತ್ತು. ಆ ಮೇಲೆ ಈ ರೋಗದವರಲ್ಲೂ, ನಡೆಯುವಾಗ ಮನಸ್ಸಿಗೊಂದು ಲೆಕ್ಕ ಕೊಟ್ಟರೆ ಹೆಜ್ಜೆ ನಿಧಾನವಾಗುತ್ತದೆಂದು ಅನೇಕ ಅಧ್ಯಯನಗಳು ತೋರಿಸಿದುವು. ಕಾಲನ್ನೂ ಮನಸ್ಸನ್ನೂ ಬೇರೆಬೇರೆಯಾಗಿ ಅಳೆದಾಗ ಕಾಣದ ಕುಂದು ಎರಡನ್ನೂ ಕೂಡಿಸಿ ಅಳೆದಾಗ ಕಂಡಿತು.

ಬೀದಿಯ ಪರೀಕ್ಷೆಗಳಿಗೆ ಕೊರತೆಗಳಿಲ್ಲವೆಂದಲ್ಲ. ಬೀದಿ ದಿನದಿನಕ್ಕೆ ಬೇರೆಯಾಗುತ್ತದೆ. ಇಂದು ಜನಸಂದಣಿ, ನಾಳೆ ಮಳೆ. ಎಲ್ಲರಿಗೂ ಒಂದೇ ಅಳತೆಯಲ್ಲಿ ಪರೀಕ್ಷೆಯಾಗುವುದು ಕಷ್ಟ. ಒಮ್ಮೆ ಮಾಡಿದವರಿಗೆ ಮತ್ತೆ ಕೊಟ್ಟರೆ ಮೊದಲಿನ ಹೊಸತನ ಉಳಿಯುವುದಿಲ್ಲ. ರೋಗಿಯ ಆಯಾಸ, ಬೇಸರ, ಮನಸ್ಸಿನ ಕುಗ್ಗು ಇವೂ ಅಂಕಗಳನ್ನು ಇಳಿಸುತ್ತವೆ. ಈ ರೋಗದಲ್ಲಿ ಬೆಳಗ್ಗೆ ಇದ್ದ ಚೈತನ್ಯ ಸಂಜೆಗೆ ಇರುವುದಿಲ್ಲ. ಒಂದೇ ಒಂದು ಪರೀಕ್ಷೆಯಿಂದ ಒಬ್ಬರ ಬದುಕಿನ ಬಗ್ಗೆ ತೀರ್ಪು ಕೊಡುವುದು ಯೋಗ್ಯವಲ್ಲ. ಅಲ್ಲದೆ ಇಂಗ್ಲೆಂಡಿನ ಅಂಗಡಿಬೀದಿಗಾಗಿ ಬರೆದ ಚೀಟಿಯನ್ನು ಅನುವಾದಿಸಿ ನಮ್ಮ ಪೇಟೆಯಲ್ಲಿ ಹಂಚಿದರೆ ಸಾಲದು. ಕೊಳ್ಳದೆ ಅಂಗಡಿಗೆ ಕಾಲಿಡಬಾರದು ಎಂಬ ಕಟ್ಟಳೆ, ಹತ್ತು ಅಂಗಡಿ ಹತ್ತಿಳಿದು ಚೌಕಾಸಿ ಮಾಡುವ ನಮ್ಮವರಿಗೆ ಬುದ್ಧಿಯ ಪರೀಕ್ಷೆಯಾಗದೆ ಸಂಪ್ರದಾಯದ ಪರೀಕ್ಷೆಯಾದೀತು. ನಮ್ಮ ಸಂತೆಗೆ, ನಮ್ಮ ಅಡುಗೆಮನೆಗೆ, ನಮ್ಮ ಮಾತಿಗೆ ಹೊಂದುವ ಪರೀಕ್ಷೆಯನ್ನು ನಮ್ಮವರೇ ಕಟ್ಟಬೇಕು.

ಕಾಲಕ್ರಮದಲ್ಲಿ ಚಿಕಿತ್ಸೆಯೂ ಮುಂದುವರಿದಿದೆ. ೧೯೮೧ರಲ್ಲಿ ಕಾಂತೀಯ ಯಂತ್ರದಿಂದ ತೆಗೆದ ಚಿತ್ರಗಳಲ್ಲಿ ಬದುಕಿರುವವರ ಮಿದುಳಿನಲ್ಲೇ ಈ ಕಲೆಗಳು ಕಂಡುವು. ೧೯೯೩ರಲ್ಲಿ ಅಮೆರಿಕದಲ್ಲಿ ರೋಗದ ಮರುಕಳಿಕೆಯನ್ನು ತಗ್ಗಿಸುವ ಮೊದಲನೆಯ ಮದ್ದಿಗೆ ಒಪ್ಪಿಗೆ ದೊರೆಯಿತು. ಅಲ್ಲಿಂದೀಚೆಗೆ ಹಲವು ಬಂದಿವೆ. ನಮ್ಮ ದೇಶದಲ್ಲಿ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ೨೧ ಬಗೆಯ ವೈಕಲ್ಯಗಳನ್ನು ಹೆಸರಿಸಿದಾಗ ಈ ರೋಗವನ್ನೂ ಅವುಗಳಲ್ಲಿ ಸೇರಿಸಿತು. ಹಕ್ಕನ್ನು ಕಾಗದದ ಮೇಲೆ ಕೊಟ್ಟಮೇಲೆ ಅದನ್ನು ಅಳೆಯುವ ಕೋಲೂ ನ್ಯಾಯವಾದುದಾಗಿರಬೇಕು. ನಡಿಗೆಯೊಂದನ್ನೇ ಅಳೆಯುವ ಕೋಲಿಗೆ, ಕಚೇರಿಯಲ್ಲಿ ಕಡತಗಳ ನಡುವೆ ದಿಕ್ಕುಗೆಟ್ಟ ಗುಮಾಸ್ತನೂ ಒಲೆಯ ಮುಂದೆ ಕಣ್ಣೀರಿಡುವ ಗೃಹಿಣಿಯೂ ಕಾಣುವುದಿಲ್ಲ.

ಮನೆಯವರು ಮಾಡಬಹುದಾದುದೂ ಉಂಟು. ಇಂಥ ರೋಗವಿರುವವರಿಗೆ ಕೆಲಸಗಳನ್ನು ಒಂದರ ಹಿಂದೊಂದಾಗಿ ಒಪ್ಪಿಸಿರಿ. ಚೀಟಿಯಲ್ಲಿ ಬರೆದಿಡಿರಿ. ಔಷಧದ ಹೊತ್ತಿಗೆ ಗಡಿಯಾರದ ಗಂಟೆ ಇರಲಿ. ಮೆಟ್ಟಿಲು ಇಳಿಯುವಾಗ ಪ್ರಶ್ನೆ ಕೇಳಬೇಡಿರಿ. ಇಳಿದ ಮೇಲೆ ಕೇಳಿರಿ. ಕಷ್ಟದ ಕೆಲಸ ಬೆಳಗಿನ ಹೊತ್ತಿಗಿರಲಿ. ರೇಡಿಯೋದ ಪತ್ರಿಕೆಯಲ್ಲಿ ಇದನ್ನು ಬರೆಯುವುದು ವಿಚಿತ್ರವೆನಿಸೀತು, ಆದರೂ ಬರೆಯುತ್ತೇನೆ: ಅವರು ಮನೆಯ ಲೆಕ್ಕ ಬರೆಯುತ್ತಿರುವಾಗ ರೇಡಿಯೋವನ್ನು ಆರಿಸಿರಿ. ಬರೆದು ಮುಗಿದ ಮೇಲೆ ಇಬ್ಬರೂ ಕುಳಿತು ಸಂಗೀತ ಕೇಳಬಹುದು.

ಎಲ್ಲಕ್ಕಿಂತ ಮೊದಲು, ‘ಮೊದಲಿನಂತೆ ಆಗುತ್ತಿಲ್ಲ’ ಎಂದು ಅವರು ಹೇಳಿದಾಗ ನಂಬಿರಿ. ಪರೀಕ್ಷೆಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ರೋಗಿಗಳು ಈ ಮಾತನ್ನು ಹೇಳುತ್ತಿದ್ದರು. ಶಾಸ್ತ್ರ ಅದನ್ನು ಒಪ್ಪಲು ಒಂದು ಶತಮಾನವನ್ನು ತೆಗೆದುಕೊಂಡಿತು. ಮನೆಯವರು ಅಷ್ಟು ಕಾಲ ತೆಗೆದುಕೊಳ್ಳಬೇಕಾಗಿಲ್ಲ.